ಹಕ್ಕಿಗೊಂದು ಬಾಣಂತನ

ಪಶುವೈದ್ಯರಾಗಿ ಹೊಸದಾಗಿ ಕೆಲಸಕ್ಕೆ ಸೇರಿ, ಹಾವೇರಿ ಜಿಲ್ಲೆಯ ಯಾವುದೋ ಮೂಲೆ ಸಿಕ್ಕಿತೆಂದು ಮುಖ ಸಣ್ಣದು ಮಾಡಿಕೊಂಡಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಮಾರಂಭದಲ್ಲಿ ಶಾಲು ಹೊದಿಸಿದರು ಎಂಬ ವಿವರ ಇದರಲ್ಲಿಲ್ಲ. ಆ ಶಾಲುಗಳನ್ನು ಈಗ ನಮ್ಮ ನಾಯಿ ಹಾಸಿಕೊಂಡು ಮಲಗುತ್ತದೆ. ಅದರ ನಿದ್ದೆ ನೋಡಿದರೆ ಶಾಲಿನ ಗುಣಮಟ್ಟದ ಬಗ್ಗೆ ದೂರುವಂತಿಲ್ಲ.

ನಾನು ದನದ ಡಾಕ್ಟರು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು, ಕೊನೆಗೆ ಸವಣೂರು, ಈ ನಾಲ್ಕು ತಾಲೂಕುಗಳ ಎಮ್ಮೆಗಳ ಹಿಂಭಾಗವನ್ನು ನನ್ನಷ್ಟು ಹತ್ತಿರದಿಂದ ಕಂಡವರು ಯಾರಿದ್ದಾರೋ ನಾನರಿಯೆ. ಸಾಕುಹಕ್ಕಿಗಳ ಬಗ್ಗೆ ನಮಗೆ ಕಾಲೇಜಿನಲ್ಲಿ ಒಂದು ಮಧ್ಯಾಹ್ನದ ಪಾಠವಿತ್ತು. ಆ ಮಧ್ಯಾಹ್ನ ಮೇಷ್ಟ್ರು ರಜೆ ಹಾಕಿದ್ದರು. ಆದರೂ ನೌಕರಿಯ ಕೊನೆಯ ವರ್ಷಗಳಲ್ಲಿ ಎಮ್ಮೆ ಕರುಗಳ ನಡುವೆ ಪಂಜರ ಹಿಡಿದು ನಿಂತವರು ದಿನಕ್ಕೊಬ್ಬರಾದರೂ ಇರುತ್ತಿದ್ದರು. ಎಲ್ಲರದೂ ಒಂದೇ ಗೋಳು: ಜೋಡಿ ಚೆನ್ನಾಗಿದೆ, ಮರಿ ಮಾತ್ರ ಆಗುತ್ತಿಲ್ಲ.

ಅವರೆಲ್ಲರ ನಡುವೆ ವಿಚಿತ್ರವಾದ ಬೇಡಿಕೆ ಇಟ್ಟವಳು ಸವಣೂರಿನ ರೇಖಾ. ವೀಳ್ಯದೆಲೆ ವ್ಯಾಪಾರ ಮಾಡುವವರ ಮನೆಯ ಸೊಸೆ, ಮೂವತ್ತಕ್ಕೆ ಇನ್ನೂ ಒಂದೆರಡು ವರ್ಷ ಇದ್ದೀತು. ಒಂದು ಬೆಳಿಗ್ಗೆ ದವಾಖಾನೆಗೆ ಬಂದು, ಎಮ್ಮೆಯವರೆಲ್ಲ ಹೋಗುವವರೆಗೆ ಕಾದು, ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದಳು. ಅದರೊಳಗೆ ಅರಳೆಯಲ್ಲಿ ಸುತ್ತಿದ ಒಂದು ಸಣ್ಣ ಬಿಳಿಯ ತತ್ತಿ ಇತ್ತು.

“ಬಾಯಾರ, ನನಗೊಂದು ಸರ್ಟಿಫಿಕೇಟ್ ಬರದು ಕೊಡ್ರಿ” ಎಂದಳು. ಹೆಣ್ಣು ಡಾಕ್ಟರನ್ನು ನಮ್ಮ ಕಡೆ ಬಾಯಾರ ಎನ್ನುತ್ತಾರೆ.

“ಏನಂತ ಬರೀಲವಾ?”

“ನಮ್ಮನಿ ಹಕ್ಕಿ ತತ್ತಿ ಕೆಟ್ಟಿದ್ದು ನನ್ನ ದೃಷ್ಟಿಯಿಂದ ಅಲ್ಲ ಅಂತ.”

ನಾನು ನಕ್ಕೆ. ಸತ್ತ ದನಕ್ಕೆ, ಬದುಕಿದ ದನಕ್ಕೆ, ವಿಮೆಗೆ, ಸಾಗಾಣಿಕೆಗೆ ಸರ್ಟಿಫಿಕೇಟ್ ಬರೆದಿದ್ದೇನೆ, ದೃಷ್ಟಿಗೆ ಬರೆದಿರಲಿಲ್ಲ. ಆಕೆ ಮಾತ್ರ ನಗಲಿಲ್ಲ.

“ಮದ್ವಿಯಾಗಿ ಆರು ವರ್ಷ ಆತ್ರಿ. ಮಕ್ಕಳಿಲ್ಲ. ಬ್ಯಾಸರಕ್ಕಂತ ಒಂದು ಜೋಡಿ ಕಾಕಟೀಲ್ ತಂದು ಸಾಕಿದೆ. ಮೂರು ಸಲ ತತ್ತಿ ಇಟ್ವು, ಒಂದೂ ಒಡದು ಮರಿ ಬರಲಿಲ್ಲ. ಅಕಿ ತಂದ ಹಕ್ಕೀನೂ ಬರಡು, ಇನ್ನೇನು ನೋಡಬೇಕು ಅಂತ ನಮ್ಮತ್ತಿ ಅನ್ನಾಕತ್ತಾರ್ರಿ. ನಾ ಪಂಜರ ಮುಟ್ಟೂಹಂಗಿಲ್ಲ, ಆ ಕೋಣಿಗೆ ಹೋಗೂಹಂಗಿಲ್ಲ. ಈ ತತ್ತೀನ ಅತ್ತಿ ಜಳಕಕ್ಕ ಹೋದಾಗ ಕದ್ದು ತಂದೇನಿ, ಇನ್ನ ಮೂರು ಒಳಗ ಅದಾವು. ಬರೂ ಐತಾರ ಯಲವಿಗಿಯಿಂದ ನಮ್ಮಪ್ಪನ್ನ, ಹಿರ್ಯಾರ್ನ ಕರಸ್ಯಾರ. ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ ಅಂತ ಹೇಳಾಕ.”

“ನಾಕು ದಿನ ತವರಿಗೆ ಹೋದ್ರ ಏನಾಕ್ಕೈತಿ?” ಎಂದೆ, ಗೊತ್ತಿದ್ದೂ.

“ಹೋದ್ರ ವಾಪಸ್ ಕರಸೂದಿಲ್ರಿ” ಎಂದಳು. “ಇದು ನನ್ನ ಮನಿ ಬಾಯಾರ. ನಾ ಹೋಗೂದಿಲ್ಲ ಅನ್ನಾಕ ನನ್ನ ಕೈಯಾಗ ಏನರ ಬೇಕಲ್ರಿ.”

ಡಬ್ಬಿ ಇಟ್ಟು ಹೋಗು, ಸಂಜೆ ನಾನೇ ಮನೆಗೆ ಬರುತ್ತೇನೆ ಎಂದೆ. ಆ ಸಂಜೆಯ ಕಥೆಗೆ ಹೋಗುವ ಮೊದಲು, ದನದ ಡಾಕ್ಟರು ಹಕ್ಕಿ ಡಾಕ್ಟರಾದ ಬಗೆಯನ್ನು ಹೇಳಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ನಾನು ಮೊದಲು ಗಂಡುಹಕ್ಕಿಗೇ ಯಾಕೆ ಕೈ ಹಾಕಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ಮೊದಲ ಪಾಠ ಹಾನಗಲ್ಲಿನಲ್ಲಾಯಿತು. ಬಟ್ಟೆ ಅಂಗಡಿಯ ಅಬ್ದುಲ್ ಚಾಚಾ ಎಂಬ ಹಿರಿಯರು ಒಂದು ಜೋಡಿ ಲವ್‌ಬರ್ಡ್ಸ್ ತಂದರು. ನಮ್ಮ ಕಡೆ ಲವ್‌ಬರ್ಡ್ಸ್ ಎನ್ನುವುದು ಗೇಣುದ್ದದ ಹಸಿರು ಹಳದಿ ಗಿಣಿಗಳಿಗೆ. ರಾಶಿ ತತ್ತಿ ಇಡುತ್ತವೆ, ಮರಿಯಿಲ್ಲ ಎಂದರು. ನಾನು ಸುಣ್ಣದ ಅಂಶ ಕಡಿಮೆ ಇದೆ ಎಂದು ಗಂಭೀರವಾಗಿ ಹೇಳಿ ಹನಿ ಔಷಧ ಕೊಟ್ಟೆ. ಮುಂದಿನ ತಿಂಗಳು ಮತ್ತೆ ಬಂದರು, ಮತ್ತೆ ಕೊಟ್ಟೆ. ಮೂರನೆಯ ಸಲ ಗಂಡನ್ನು ಮೇಜಿನ ಮೇಲೆ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಾಗ, ಆ ಗಂಡು ನನ್ನ ಅಂಗೈಯಲ್ಲಿ ಬೆಚ್ಚಗೆ ಒಂದು ತತ್ತಿ ಇಟ್ಟಿತು.

ಚಾಚಾ ಬಹಳ ಹೊತ್ತು ಆ ತತ್ತಿಯನ್ನೇ ನೋಡಿದರು. “ಬಾಯಾರ, ಇದು ಸರ್ಕಾರಿ ಔಷಧದ ತಾಕತ್ತೇನ್ರಿ?” ಎಂದರು.

ಎರಡೂ ಹೆಣ್ಣು. ಕೊಕ್ಕಿನ ಬುಡದ ಪಟ್ಟಿ ನೀಲಿಯಿದ್ದರೆ ಗಂಡು, ಕಂದಾಗಿದ್ದರೆ ಹೆಣ್ಣು ಎಂಬುದನ್ನು ನಾನು ಕಲಿತದ್ದು ಆ ದಿನ, ಕೈ ತೊಳೆದುಕೊಳ್ಳುತ್ತಾ. ಅಂದಿನಿಂದ ಯಾರಾದರೂ ಜೋಡಿ ಎಂದರೆ ನಾನು ನಂಬುವುದಿಲ್ಲ. ಮದುವೆಯ ಫೋಟೋ ತೋರಿಸಿದರೂ ನಂಬುವುದಿಲ್ಲ.

ಎರಡನೆಯದು ಶಿಗ್ಗಾಂವಿಯಲ್ಲಿ, ನನ್ನ ಮೇಲಿನ ಸಾಹೇಬರೊಬ್ಬರ ಮನೆಯಲ್ಲಿ. ಈ ಸಾಹೇಬರು ಹೋರಿಯನ್ನು ಕಂಡರೆ ಜೀಪಿನಿಂದ ಇಳಿಯುತ್ತಿರಲಿಲ್ಲ, ಆದರೆ ಹೋರಿಗಳ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದರು. ಅವರ ಮನೆಯ ಹಕ್ಕಿಗಳಲ್ಲಿ ಹೆಣ್ಣನ್ನು ಮೂರು ಸಲ ಬದಲಾಯಿಸಿದ್ದರು. ಹೆಣ್ಣು ಸರಿಯಿಲ್ಲ, ಒಳ್ಳೆಯ ತಳಿಯದು ಸಿಗುತ್ತಿಲ್ಲ ಎಂದು ನನ್ನನ್ನು ಕರೆಸಿದರು. ಊರಿನ ಆಕಳುಗಳೆಲ್ಲ ಒಟ್ಟಿಗೆ ಗಬ್ಬ ಕಟ್ಟದಿದ್ದರೆ ನಾವು ಮೊದಲು ಹೋರಿಯನ್ನು ನೋಡುತ್ತೇವೆ, ಆಕಳಿಗೆ ಬೈಯುತ್ತಾ ಕೂರುವುದಿಲ್ಲ. ಹಕ್ಕಿಯ ವಿಷಯಕ್ಕೆ ಬಂದರೆ ಮಾತ್ರ ಓದಿದವರೂ ಓದದವರೂ ಹೆಣ್ಣನ್ನೇ ಬದಲಾಯಿಸುತ್ತಾರೆ. ನಾನು ಪಂಜರದ ಮುಂದೆ ಕುಳಿತು ಗಂಡನ್ನು ನೋಡಿದೆ. ಗಂಡು ಭರ್ಜರಿಯಾಗಿತ್ತು, ಉತ್ಸಾಹಕ್ಕೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನೆಲೆಗೆ. ಸಾಹೇಬರು ಹುಬ್ಬಳ್ಳಿಯಿಂದ ತರಿಸಿದ ಆ ದೊಡ್ಡ ಪಂಜರದಲ್ಲಿ ಕೂರಲು ಗಟ್ಟಿಯಾದ ಒಂದು ಕೋಲಿರಲಿಲ್ಲ. ಇದ್ದದ್ದೆಲ್ಲ ಬಣ್ಣಬಣ್ಣದ ಜೋಕಾಲಿ. ಪಾಪದ ಗಂಡು ಹತ್ತುವುದು, ಜೋಕಾಲಿ ತೂಗುವುದು, ಎರಡೂ ಕೆಳಗೆ ಬೀಳುವುದು, ಇದೇ ಅವುಗಳ ದಾಂಪತ್ಯವಾಗಿತ್ತು.

“ಸರ್, ಜೋಕಾಲಿ ಮ್ಯಾಲೆ ಸಂಸಾರ ಆಗೂದಿಲ್ರಿ. ಬೇವಿನ ಕೋಲೊಂದು ಅಲ್ಲಾಡಧಂಗ ಕಟ್ರಿ” ಎಂದೆ.

ಅಡುಗೆಮನೆಯ ಬಾಗಿಲ ಹಿಂದಿನಿಂದ ಅವರ ಹೆಂಡತಿ ನಕ್ಕ ಸದ್ದು ಕೇಳಿತು. ಸಾಹೇಬರು ಕೆಮ್ಮಿದರು. ಕೋಲು ಕಟ್ಟಿದ ಮೇಲೆ ಮರಿಯಾದವು. ಮುಂದಿನ ಸಭೆಯಲ್ಲಿ ಅವರು ಇದನ್ನು ತಮ್ಮದೇ ಸಂಶೋಧನೆಯಾಗಿ ವಿವರಿಸಿದಾಗ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಹಿರೇಕೆರೂರಿಗೆ ವರ್ಗವಾದಾಗ ಚಿಕ್ಕೇರೂರಿನಿಂದ ಕರೆ ಬಂತು. ಕಟಿಂಗ್ ಅಂಗಡಿಯ ನಾಗಪ್ಪ ತನ್ನ ಲವ್‌ಬರ್ಡ್ಸ್ ಪಂಜರವನ್ನು ಗಿರಾಕಿಗಳ ಮನರಂಜನೆಗೆಂದು ಎರಡು ನಿಲುವುಗನ್ನಡಿಗಳ ನಡುವೆ ತೂಗುಹಾಕಿದ್ದ. ಹೆಣ್ಣು ಮೂಲೆಯಲ್ಲಿ ಮುದುಡಿ ಕೂತಿತ್ತು. ಗಂಡು ಕನ್ನಡಿಯೊಳಗಿನ ಹಕ್ಕಿಗೆ ಹಾಡಿ, ತಲೆ ಕುಣಿಸಿ, ತಿಂದ ನವಣೆಯನ್ನು ಕಕ್ಕಿ ಉಣಿಸಲು ನೋಡುತ್ತಿತ್ತು. ಎಡಗನ್ನಡಿಯಲ್ಲಿ ದಣಿದರೆ ಬಲಗನ್ನಡಿಗೆ ತಿರುಗುತ್ತಿತ್ತು.

“ಹೆಣ್ಣು ಭಾಳ ಮುನಿಸ್ಕೋತೈತ್ರಿ” ಎಂದ ನಾಗಪ್ಪ.

“ಮುನಿಸ್ಕೊಳ್ಳದ ಏನು ಮಾಡ್ತೈತೋ ಮಾರಾಯಾ, ಅಂವಗ ಈ ಕಡೆ ಇಪ್ಪತ್ತು, ಆ ಕಡೆ ಇಪ್ಪತ್ತು ಕಾಣಾಕತ್ತಾವು!”

ಪಂಜರ ಕನ್ನಡಿಯಿಲ್ಲದ ಗೋಡೆಗೆ ಹೋಯಿತು. ಗಂಡು ವಾರವೊಂದು ಮಂಕಾಗಿ ಕೂತಿತು, ಆಮೇಲೆ ಕಣ್ಣ ಮುಂದಿದ್ದ ಹೆಣ್ಣನ್ನು ಗಮನಿಸಿತು.

ಈಚೆಗೆ ಪದ್ಧತಿಗಳು ಬದಲಾಗಿವೆ. ಪುಕ್ಕ ಕಿತ್ತು ಅಂಚೆಯಲ್ಲಿ ಲ್ಯಾಬಿಗೆ ಕಳಿಸಿದರೆ ಗಂಡೋ ಹೆಣ್ಣೋ ಎಂದು ಮೊಬೈಲಿಗೆ ವರದಿ ಬರುತ್ತದೆ. ಚಾಚಾನ ಕಾಲದಲ್ಲಿ ಇದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಬದಲಾವಣೆಯ ಜೊತೆಗೆ ಹೊಸ ನಮೂನೆಯ ಹುಚ್ಚೂ ಬಂದಿದೆ. ತಿಳವಳ್ಳಿಯ ಗೋವಿನಜೋಳದ ವ್ಯಾಪಾರಿಯೊಬ್ಬ ತತ್ತಿ ಇಡುವ ಗೂಡಿನೊಳಗೇ ಸಿಸಿ ಕ್ಯಾಮೆರಾ ಇಟ್ಟು, ದೀಪ ಉರಿಸಿ, ಬೀಗರ ವಾಟ್ಸಾಪ್ ಗುಂಪಿಗೆ ನೇರ ಪ್ರಸಾರ ಮಾಡುತ್ತಿದ್ದ. ಹೆಣ್ಣು ತತ್ತಿ ಬಿಟ್ಟು ಎದ್ದು ಹೋಗಿತ್ತು. “ನಿನ್ನ ಮಲಗೂ ಕೋಣ್ಯಾಗ ಇದನ್ನ ಹಾಕಸ್ತೀಯೇನಪಾ?” ಎಂದು ಕೇಳಿದೆ. ಅವನ ಹೆಂಡತಿ ಆವತ್ತೇ ಕ್ಯಾಮೆರಾದ ವೈರು ಕಿತ್ತು ಹಾಕಿದಳು.

ಇಷ್ಟು ತಲೆಯಲ್ಲಿಟ್ಟುಕೊಂಡು ಸವಣೂರಿಗೆ ಬನ್ನಿ.

ರೇಖಾ ಹೋದ ಮೇಲೆ ಆ ತತ್ತಿಯನ್ನು ಒಂದು ತಟ್ಟೆಗೆ ಒಡೆದೆ. ಬರಡು ತತ್ತಿಯಾಗಿದ್ದರೆ ಒಳಗೆ ಬರೀ ಲೋಳೆ, ಹಳದಿ ಇರುತ್ತಿತ್ತು. ಇದರಲ್ಲಿ ಅರ್ಧ ಬೆಳೆದು ಸತ್ತ ಮರಿಯಿತ್ತು. ಅಂದರೆ ಗಂಡೂ ಸರಿ, ಹೆಣ್ಣೂ ಸರಿ. ಕೆಟ್ಟದ್ದು ತತ್ತಿ ಇಟ್ಟ ಮೇಲೆ. ಇನ್ನೊಂದು ವಿಷಯವನ್ನೂ ಕಂಡೆ. ಒಡೆದ ಚಿಪ್ಪು ಬೆರಳಿನಿಂದ ಜಾರುತ್ತಿತ್ತು. ಹುಡುಗಿ ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಮುಟ್ಟಿರಬೇಕು ಎಂದುಕೊಂಡೆ.

ಸಂಜೆ ಆ ಮನೆಯ ಪಡಸಾಲೆಯಲ್ಲಿ ರೇಖಾಳ ಅತ್ತೆ ಶಂಕ್ರವ್ವ ಎಲೆ ಆರಿಸಿ ಪೆಂಡಿ ಕಟ್ಟುತ್ತಾ ಕೂತಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸಿನವರು, ಕೈ ಮಾತ್ರ ನನ್ನದಕ್ಕಿಂತ ಚುರುಕು. ಮಗ ಮಲ್ಲಿಕಾರ್ಜುನ ಪಕ್ಕದಲ್ಲಿದ್ದ. ಕಟ್ಟೆಯ ಮೇಲೆ ಒಂದು ಸಣ್ಣ ಪಂಜರದಲ್ಲಿ ಗಂಡು ಕಾಕಟೀಲು ಒಂದೇ ಸಮನೆ ಕಿರುಚುತ್ತಿತ್ತು. ಪಾರಿವಾಳಕ್ಕಿಂತ ಸಣ್ಣ ಹಕ್ಕಿ, ತಲೆಯ ಮೇಲೆ ತುರಾಯಿ, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು.

“ಹೆಣ್ಣು ಒಳಗೈತ್ರಿ ಬಾಯಾರ” ಎಂದರು ಶಂಕ್ರವ್ವ.

“ಮೊದಲು ಗಂಡು ನೋಡ್ತೇನ್ರಿ. ಮಕ್ಕಳಾಗಲಿಲ್ಲ ಅಂದ್ರ ನಾವು ಮೊದಲು ಪರೀಕ್ಷೆ ಮಾಡೂದು ಗಂಡಿಂದ.”

ಮಲ್ಲಿಕಾರ್ಜುನನಿಗೆ ಇದ್ದಕ್ಕಿದ್ದಂತೆ ಅಂಗಡಿಯ ಕೆಲಸ ನೆನಪಾಗಿ ಎದ್ದು ನಿಂತ. ರೇಖಾ ಬಾಗಿಲ ಬಳಿಯಿಂದ ಅವನನ್ನೇ ನೋಡುತ್ತಿದ್ದುದರಿಂದ ಮತ್ತೆ ಕೂತ.

ಹಕ್ಕಿಯನ್ನು ಹಿಡಿದು ನೋಡಿದೆ. ಯಾವ ದೋಷವೂ ಇರಲಿಲ್ಲ. “ಒಳಗ ತತ್ತಿ ಅದಾವು, ಇವನ್ಯಾಕ ಹೊರಗದಾನ್ರಿ?” ಎಂದೆ.

“ಬಾಣಂತಿ ಕೋಣ್ಯಾಗ ಗಂಡಸರದೇನು ಕೆಲಸ್ರಿ?”

“ಯಾವ ಬಾಣಂತಿರಿ?”

ಶಂಕ್ರವ್ವ ಹೆಮ್ಮೆಯಿಂದ ಎದ್ದು ಒಳಗೆ ಕರೆದುಕೊಂಡು ಹೋದರು. ನಾನು ಬಾಗಿಲಲ್ಲೇ ಕೆಮ್ಮಿದೆ. ಕಿಟಕಿಗೆ ಕಂಬಳಿ ಮುಚ್ಚಿತ್ತು. ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಅಜವಾನ, ಲೋಬಾನ. ಹೊಗೆಯ ನಡುವೆ ಹಗ್ಗ ಹೆಣೆದ ಒಂದು ಮಂಚ, ನಮ್ಮ ಕಡೆಯ ಹೊರಸು, ಹೊರಸಿನ ಮೇಲೆ ಗೂಡಿನ ಪೆಟ್ಟಿಗೆ, ಪೆಟ್ಟಿಗೆಯ ಸುತ್ತ ಮೆತ್ತನೆಯ ಹಳೆಯ ಸೀರೆ. ಒಳಗೆ ಹೆಣ್ಣು ಕಾಕಟೀಲು ಅಂಟಂಟಾದ ಪುಕ್ಕ ಹೊತ್ತು, ಬಾಯಿ ತೆರೆದುಕೊಂಡು ಉಸಿರಾಡುತ್ತಾ ಕೂತಿತ್ತು. ಪಕ್ಕದಲ್ಲಿ ಎಣ್ಣೆಯ ಬಟ್ಟಲಿತ್ತು.

“ದಿನಾ ಮುಂಜಾನೆ ಎದಿಗೆ, ಹೊಟ್ಟಿಗೆ ಹಚ್ಚಿ ತಿಕ್ಕತೇನ್ರಿ. ಬರೇ ಔಡಲೆಣ್ಣಿ ಅಲ್ಲ, ಕೊಬ್ಬರಿ ಎಣ್ಣಿ ಬೆರಸೇನಿ. ಹಡದಾಕಿ ನಡಾ ಗಟ್ಟಿ ಆಗಬೇಕಲ್ರಿ” ಎಂದರು.

ನನಗೆ ಮೊದಲು ಬಂದದ್ದು ನಗು. ಹಕ್ಕಿಗೆ ಬಾಣಂತನ! ಅಂಟಿನುಂಡೆ ಕೊಡುತ್ತಿದ್ದೀರಾ ಎಂದು ಕೇಳುವವಳಿದ್ದೆ, ಬಟ್ಟಲಿನಲ್ಲಿ ಅದರ ಪುಡಿಯೂ ಕಂಡಿತು. ನಗು ನುಂಗಿಕೊಂಡು ಕಿಟಕಿಯ ಕಂಬಳಿ ಕಿತ್ತೆ, ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ಯಿರಿ ಎಂದು ಮಲ್ಲಿಕಾರ್ಜುನನಿಗೆ ಗದರಿದೆ. ಉಳಿದಿದ್ದ ಮೂರು ತತ್ತಿಗಳನ್ನು ಒಂದೊಂದಾಗಿ ಮೊಬೈಲಿನ ಬೆಳಕಿಗೆ ಹಿಡಿದು ನೋಡಿದೆ. ಮೂರರಲ್ಲೂ ಕಪ್ಪು ಗಡ್ಡೆ, ಮಿಸುಕಾಟವಿಲ್ಲ. ಮೂರೂ ಎಣ್ಣೆಯಿಂದ ಹೊಳೆಯುತ್ತಿದ್ದವು.

“ಒಂದು ತಾಟು ಕೊಡ್ರಿ” ಎಂದು ಕೇಳಿ, ಶಂಕ್ರವ್ವನ ಕಣ್ಣೆದುರೇ ಒಡೆದೆ. ಕೊನೆಯದರಲ್ಲಿ ಕೊಕ್ಕು, ಮುಚ್ಚಿದ ಕಣ್ಣು, ಕಾಲಿನ ಬೆರಳುಗಳು ಎಲ್ಲ ಮೂಡಿದ್ದವು.

ಶಂಕ್ರವ್ವ ತಾಟಿನ ಮೇಲೆ ಬಗ್ಗಿದರು. “ಜೀವ ಇತ್ತೇನ್ರಿ ಇದರಾಗ?”

“ಇತ್ತು.”

“ಬರಡಲ್ಲ?”

“ಬರಡಲ್ರಿ. ಎಲ್ಲಾದ್ರಾಗೂ ಜೀವ ಇತ್ತು. ತತ್ತಿ ಚಿಪ್ಪು ಉಸಿರಾಡ್ತೈತ್ರಿ, ಕಣ್ಣಿಗೆ ಕಾಣಲಾರದಂಥಾ ತೂತು ಅದಾವು. ನೀವು ಹಕ್ಕಿ ಹೊಟ್ಟಿಗೆ ಹಚ್ಚಿದ ಎಣ್ಣಿ ತತ್ತಿಗೆ ಹತ್ತಿ ಆ ತೂತು ಮುಚ್ಚಿದ್ವು. ಮರಿ ಒಳಗ ಉಸಿರುಗಟ್ಟಿ ಸತ್ತುವು. ಮ್ಯಾಲೆ ಈ ಹೊಗಿ. ಮತ್ತ ಈ ಜಾತ್ಯಾಗ ಹಗಲೆಲ್ಲಾ ಗಂಡು ಕಾವು ಕುಂದರ್ತೈತಿ, ರಾತ್ರಿ ಹೆಣ್ಣು. ನೀವು ಹಗಲ ಪಾಳಿಯಂವನ್ನ ಹೊರಗ ಹಾಕೀರಿ.”

“ಗಂಡು? ಕಾವು ಕುಂದರ್ತೈತಿ?” ಎಂದರು. ಎಣ್ಣೆಯ ಮಾತಿಗಿಂತ ಇದೇ ಅವರಿಗೆ ನಂಬಲಾಗದ್ದಾಗಿತ್ತು.

ಹೊರಸಿನ ತುದಿಯಲ್ಲಿ ಕೂತರು. ಆಮೇಲೆ ನನಗಲ್ಲ, ತಾಟಿಗೆ ಹೇಳುವಂತೆ ಹೇಳಿದರು. “ಮಲ್ಲೂ ಹುಟ್ಟಿದಾಗ ನನಗ ಬಾಣಂತನ ಮಾಡವರು ಇದ್ದಿಲ್ರಿ. ನಮ್ಮವ್ವ ಮೊದಲ ಸತ್ತಿದ್ಲು. ಮೈಯಾಗ ಶಕ್ತಿ ಇಲ್ಲ, ಎದ್ದು ಎಲಿ ಪೆಂಡಿ ಕಟ್ಟೇನಿ. ನನ್ನ ಸೊಸಿಗೆ ಹಂಗ ಆಗಬಾರದು ಅಂತ ಅಕಿ ಬಂದ ವರ್ಷನ ಈ ಹೊರಸು ಹೆಣಸಿದೆ. ಅಜವಾನ, ಅಂಟು, ಕೂಸಿನ ತಲಿಗೆ ಕುಂಚಿಗಿ ಎಲ್ಲಾ ತಂದಿಟ್ಟೆ. ವರ್ಷಾ ವರ್ಷಾ ಅಜವಾನಕ್ಕ ಹುಳಾ ಬೀಳ್ತಿದ್ವು, ಹೊಸಾದು ತರತಿದ್ದೆ. ಅಕಿ ಹಡೀಲಿಲ್ಲ. ಹಕ್ಕಿ ತತ್ತಿ ಇಟ್ತು. ನನಗ ಸುಮ್ನ ಕುಂದ್ರಾಕ ಆಗಲಿಲ್ರಿ.”

ಇಷ್ಟು ವರ್ಷ ಬಾಣಂತಿಗಾಗಿ ಕಾದ ಕೋಣೆಯನ್ನು ನೋಡಿ ನಕ್ಕೆನಲ್ಲ ಎಂದು ಸಂಕಟವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಸೊಸೆಗೆಂದು ಇಷ್ಟೆಲ್ಲ ಕೂಡಿಟ್ಟ ಇದೇ ಹೆಂಗಸು, ಭಾನುವಾರ ಅದೇ ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಲು ಹಿರಿಯರನ್ನು ಕರೆಸಿದ್ದರು. ರೇಖಾ ಹೊಸ್ತಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಹೊರಸನ್ನೇ ನೋಡುತ್ತಿದ್ದಳು.

“ಶಂಕ್ರವ್ವಾರ, ಈ ಹಕ್ಕೀನ ಸಾಕ್ಷಿಗೆ ಕರದವರು ನೀವು” ಎಂದೆ. “ಸಾಕ್ಷಿ ಪೂರಾ ಹೇಳೂಮಟ ಕಾಯಬೇಕಲ್ರಿ. ಯಲವಿಗಿಯವರಿಗೆ ಈಗ ಬ್ಯಾಡ ಅನ್ರಿ. ಇನ್ನೊಮ್ಮೆ ತತ್ತಿ ಇಡ್ಲಿ. ಈ ಸಲ ಪಂಜರ ರೇಖಾನ ಕೈಯಾಗ. ನೀವು ಈ ಹೊಸ್ತಿಲಾ ದಾಟೂಹಂಗಿಲ್ಲ.”

“ಆಗಲೂ ಮರಿ ಬರಲಿಲ್ಲಂದ್ರ?” ಎಂದು ಕೇಳಿದರು.

“ಬರ್ತಾವು” ಎಂದುಬಿಟ್ಟೆ.

ಮಲ್ಲಿಕಾರ್ಜುನ ಆ ಸಂಜೆ ಆಡಿದ ಒಂದೇ ಮಾತು, “ನಾ ಫೋನ್ ಹಚ್ಚಿ ಹೇಳ್ತೇನಿ ಅವ್ವಾ” ಎಂಬುದು. ಹೊರಗೆ ಅಗ್ಗಿಷ್ಟಿಕೆ ಇಟ್ಟುಬಂದ ಅವನ ಕೈ ಬೂದಿಯಾಗಿತ್ತು.

ಹೊಸ ಡಾಕ್ಟರುಗಳೇ, ನಾನು ಮಾಡಿದ್ದನ್ನು ನೀವು ಮಾಡಬೇಡಿ. ಎಲ್ಲ ಸರಿಯಿದ್ದೂ ಹಕ್ಕಿ ಮರಿ ಮಾಡದಿರುವುದುಂಟು. ಕಾರಣ ಗೊತ್ತಾಗದೆ ಕೈಚೆಲ್ಲಿದ ಕೇಸುಗಳು ನನ್ನ ಬಳಿ ಬೇಕಾದಷ್ಟಿವೆ. ಒಬ್ಬ ಹೆಣ್ಣುಮಗಳ ಬಾಳನ್ನು ನಾನು ನಾಲ್ಕು ತತ್ತಿಗೆ ಕಟ್ಟಿ ಬಂದಿದ್ದೆ. ದೃಷ್ಟಿ ಎಂಬುದೇ ಸುಳ್ಳು ಎಂದು ಹೇಳಿ ಬರಬೇಕಿತ್ತು, ಅದನ್ನು ಬಿಟ್ಟು ಅವರದೇ ಆಟದಲ್ಲಿ ಪಣ ಕಟ್ಟಿದ್ದೆ.

ರೇಖಾ ಗಂಡುಹೆಣ್ಣನ್ನು ಕೂಡಿಸಿದಳು, ಬೆಚ್ಚಗಿನ ನೀರಿನಲ್ಲಿ ಹೆಣ್ಣಿನ ಪುಕ್ಕದ ಎಣ್ಣೆ ತೊಳೆದಳು, ಪೆಟ್ಟಿಗೆಗೆ ಹೊಸ ಮರದ ಹೊಟ್ಟು ಹಾಕಿದಳು. ಪುಕ್ಕ ಉದುರಿ ಹೊಸದು ಬಂದು ಹೆಣ್ಣು ಮತ್ತೆ ತತ್ತಿ ಇಡುವಷ್ಟರಲ್ಲಿ ಬೇಸಿಗೆ ಮುಗಿದು ಮಳೆ ಶುರುವಾಗಿತ್ತು. ಅಷ್ಟು ತಿಂಗಳೂ ಯಲವಿಗಿಯಿಂದ ಅವಳಪ್ಪ ಫೋನು ಮಾಡುತ್ತಲೇ ಇದ್ದನಂತೆ, ಬರಬೇಕೋ ಬೇಡವೋ ಎಂದು. ಈ ಸಲ ಹಗಲಿಗೆ ಗಂಡು ಕಾವಿಗೆ ಕೂತಿತು. ಓಣಿಯ ಹೆಂಗಸರು ಅದನ್ನು ನೋಡಲು ಗುಂಪು ಗುಂಪಾಗಿ ಬಂದು, ಮನೆಗೆ ಹೋಗಿ ತಂತಮ್ಮ ಗಂಡಂದಿರಿಗೆ ವರದಿ ಒಪ್ಪಿಸಿದರು. ಆ ಓಣಿಯ ಗಂಡಸರಿಗೆ ಅವು ನೆಮ್ಮದಿಯ ದಿನಗಳಾಗಿರಲಿಲ್ಲ.

ವಾರದ ಮೇಲೆ ತತ್ತಿ ನೋಡಲು ಹೋದೆ. ಶಂಕ್ರವ್ವ ಮಾತಿನಂತೆ ಹೊಸ್ತಿಲಾಚೆ ನಿಂತಿದ್ದರು. ರೇಖಾ ಮೊದಲ ತತ್ತಿಯನ್ನು ಬಟ್ಟೆಯಲ್ಲಿ ಹಿಡಿದು ಮೊಬೈಲಿನ ಬೆಳಕಿಗಿಟ್ಟಳು. ಒಳಗೆ ಏನೂ ಇರಲಿಲ್ಲ, ಬರೀ ಹಳದಿ.

“ಇದೂ ಕೆಟ್ರ ನಾ ಏನು ಮಾಡ್ಲಿ ಬಾಯಾರ?” ಎಂದಳು, ಅತ್ತೆಗೆ ಕೇಳದಷ್ಟು ಮೆಲ್ಲಗೆ.

ಎರಡನೆಯದನ್ನು ಹಿಡಿ ಎಂದೆ. ಅದರಲ್ಲಿ ಕೆಂಪು ನರಗಳು ಹರಡಿಕೊಂಡಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಮೂರನೆಯದರಲ್ಲೂ ಇತ್ತು, ನಾಲ್ಕನೆಯದರಲ್ಲೂ ಇತ್ತು. ಶಂಕ್ರವ್ವನಿಗೆ ಬನ್ನಿ ಎಂದು ಕೈ ಮಾಡಿದೆ. ಅವರು ನನ್ನ ಕಡೆ ನೋಡದೆ ರೇಖಾಳನ್ನು ನೋಡಿದರು. ರೇಖಾ ತಲೆಯಾಡಿಸಿದ ಮೇಲೆಯೇ ಹೊಸ್ತಿಲು ದಾಟಿದರು. ಆ ಚುಕ್ಕೆಯನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡರು.

ಈ ಕಥೆ ಕೇಳಿದವರೆಲ್ಲ ಮುಂದೆ ರೇಖಾಳಿಗೆ ಮಕ್ಕಳಾದವೇ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ, ವಿಚಾರಿಸಲೂ ಇಲ್ಲ. ಅದಕ್ಕೆ ಔಷಧ ಕೇಳಿಕೊಂಡು ಆಕೆ ನನ್ನ ಬಳಿಗೆ ಬಂದಿರಲಿಲ್ಲ.

ಮರಿಗಳಾದವು ಎಂದು ಫೋನು ಬಂದಾಗ ನಾನು ಎಮ್ಮೆಯೊಂದರ ಒಳಗೆ ಮೊಣಕೈವರೆಗೆ ಇದ್ದೆ. ಕೈ ತೊಳೆದು ಹೋಗುವಷ್ಟರಲ್ಲಿ ಆ ಮನೆಯ ಪಡಸಾಲೆ ಓಣಿಯ ಹೆಂಗಸರಿಂದ ತುಂಬಿತ್ತು. ರೇಖಾಳ ಮಡಿಲಲ್ಲಿ ಪೆಟ್ಟಿಗೆ. ಅದರೊಳಗೆ ಮೂರು ಮರಿಗಳು, ಪುಕ್ಕವಿಲ್ಲದ ಗುಲಾಬಿ ಮೈ, ದೊಡ್ಡ ಹೊಟ್ಟೆ, ನೋಡಲು ಕುರೂಪ. ಅಷ್ಟು ಚೆಂದದ ಕುರೂಪವನ್ನು ನಾನು ಹಿಂದೆ ಕಂಡಿರಲಿಲ್ಲ.

ಶಂಕ್ರವ್ವ ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. “ನಮ್ಮ ರೇಖಾನ ಕೈಗುಣ ನೋಡ್ರವಾ” ಎನ್ನುತ್ತಿದ್ದರು. “ಅಕಿ ಕೈ ಹಚ್ಚಿದ್ಲು, ಮೂರೂ ಮರಿ ಬದುಕಿದ್ವು. ಎಂಥಾ ಕೈಗುಣ!”

“ಕೈಗುಣ ಬ್ಯಾಡ್ರಿ ಅತ್ತಿ” ಎಂದಳು ರೇಖಾ. ದನಿ ಏರಿಸಲಿಲ್ಲ. “ಮೂರು ಸಲ ತತ್ತಿ ಕೆಟ್ಟಾಗೂ ನನಗ ಇದ ಕೈ ಇತ್ತು, ಇದ ಕಣ್ಣಿತ್ತು. ಇವತ್ತ ಕೈಗುಣ ಅಂದ್ರ, ನಾಳೆ ಒಂದು ಮರಿ ಸತ್ರ ಮತ್ತ ದೃಷ್ಟಿ ಅಂತೀರಿ. ನನಗ ಎರಡೂ ಬ್ಯಾಡ.”

ಸಕ್ಕರೆಯ ಬಟ್ಟಲು ಶಂಕ್ರವ್ವನ ಕೈಯಲ್ಲೇ ಉಳಿಯಿತು. ಅದನ್ನು ಕೆಳಗಿಟ್ಟು ಅವರು ಮಗನ ಕಡೆ ತಿರುಗಿದರು.

“ಮಲ್ಲೂ, ಯಲವಿಗಿಗೆ ಫೋನ್ ಹಚ್ಚು. ಇನ್ನ ಬರೂದು ಬ್ಯಾಡ ಅಂತ ಹೇಳು.”

“ಬರ್ಲಿ ಬಿಡ್ರಿ” ಎಂದಳು ರೇಖಾ. “ನಮ್ಮಪ್ಪ ಬರ್ಲಿ, ಹಿರ್ಯಾರೂ ಬರ್ಲಿ. ನನ್ನ ದೃಷ್ಟಿಯಿಂದ ತತ್ತಿ ಕೆಟ್ಟಾವು ಅಂತ ಅವರಿಗೆ ಹೇಳಿ ಕಳಿಸಿದವರು ನೀವಲ್ರಿ. ಎದರಿಂದ ಕೆಟ್ಟಿದ್ವು ಅನ್ನೂದನ್ನೂ ಅವರ ಮುಂದ ನೀವ ಹೇಳ್ರಿ.”

ಹೆಂಗಸರೆಲ್ಲ ಶಂಕ್ರವ್ವನ ಮುಖ ನೋಡಿದರು. ಅವರು ನೆಲ ನೋಡಿದರು, ಮರಿಗಳನ್ನು ನೋಡಿದರು, ಕೊನೆಗೆ ಸೊಸೆಯನ್ನು ನೋಡಿದರು.

“ಹೇಳ್ತೇನಿ” ಎಂದರು.